ಮಗು ಬಿದ್ದು ತಲೆಗೆ ಪೆಟ್ಟಾದಾಗ: ಮೊದಲ ನಿಮಿಷದಿಂದ ಎರಡನೇ ದಿನದವರೆಗೆ

"ಪಾಪು ಮಂಚದಿಂದ ಬಿತ್ತು. ಜೋರಾಗಿ ಅತ್ತಿತು, ಆಮೇಲೆ ಹಾಲು ಕುಡಿದು ಮಲಗಿದೆ. ಎಬ್ಬಿಸಬೇಕಾ? ಸ್ಕ್ಯಾನ್ ಮಾಡಿಸಬೇಕಾ?" ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ ಬರುತ್ತದೆ, ಹೆಚ್ಚಾಗಿ ಅಮ್ಮಂದಿರಿಂದ. "ಒಂದೇ ನಿಮಿಷ ಆಚೆ ಹೋಗಿದ್ದೆ" ಎಂಬ ಮಾತು ಅದರ ಬೆನ್ನಿಗೇ ಇರುತ್ತದೆ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಹುಟ್ಟಿದ ಕೂಸಿನಿಂದ ಎರಡು ವರ್ಷದ ಮಗುವಿನವರೆಗೆ ಇದು ಅನ್ವಯಿಸುತ್ತದೆ.

ನಿಮ್ಮ ಮಗು ಈಗಷ್ಟೇ ಬಿದ್ದಿದ್ದರೆ ಪೀಠಿಕೆ ಓದಬೇಡಿ, ನೇರ ಒಂದನೇ ಹಂತಕ್ಕೆ ಹೋಗಿ.

ಪುಟ್ಟ ಮಕ್ಕಳು ಬಿದ್ದಾಗಲೆಲ್ಲ ಪೆಟ್ಟು ತಲೆಗೇ ಬೀಳುವುದಕ್ಕೆ ಕಾರಣವಿದೆ. ಹುಟ್ಟಿದಾಗ ಮಗುವಿನ ಉದ್ದದ ಕಾಲು ಭಾಗ ತಲೆಯೇ. ಭಾರ ಅಲ್ಲೇ ಇರುವುದರಿಂದ ಮೊದಲು ನೆಲ ಮುಟ್ಟುವುದೂ ಅದೇ. ಕೈ ಊರಿ ತಡೆದುಕೊಳ್ಳುವ ಜಾಣ್ಮೆ ಇನ್ನೂ ಬಂದಿರುವುದಿಲ್ಲ. ಮಂಚ, ಸೋಫಾದಂಥ ಕಡಿಮೆ ಎತ್ತರದಿಂದ ಬಿದ್ದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಒಂದು ಬುಗುಟೆ, ಹತ್ತು ನಿಮಿಷದ ಅಳು, ಅಷ್ಟರಲ್ಲೇ ಮುಗಿಯುತ್ತದೆ. ಆದರೆ ಕೆಲವೇ ಮಕ್ಕಳಲ್ಲಿ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೋರಬಹುದು, ಅದು ಹೊರಗೆ ಕಾಣುವುದಿಲ್ಲ. ಆ ಕೆಲವರನ್ನು ಬೇಗ ಗುರುತಿಸುವುದಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿರುವುದು.

1. ಎತ್ತುವ ಮುನ್ನ ಐದು ಸೆಕೆಂಡು ನೋಡಿ

ಬಿದ್ದ ಮಗುವನ್ನು ಕಂಡರೆ ಕೈ ತಾನಾಗಿ ಚಾಚುತ್ತದೆ. ಆದರೂ ಒಂದು ಕ್ಷಣ ತಡೆಯಿರಿ. ಅಳುತ್ತಿದೆಯೇ? ಕಣ್ಣು ಬಿಟ್ಟಿದೆಯೇ? ಕೈಕಾಲು ಎರಡೂ ಬದಿ ಆಡುತ್ತಿವೆಯೇ? ತಕ್ಷಣ ಅತ್ತರೆ ಅದು ಒಳ್ಳೆಯ ಲಕ್ಷಣ. ಮಗು ಎಚ್ಚರವಿದ್ದು, ಮಂಚದಷ್ಟು ಎತ್ತರದಿಂದ ಬಿದ್ದಿದ್ದರೆ ಕತ್ತಿಗೂ ತಲೆಗೂ ಕೈ ಆಸರೆ ಕೊಟ್ಟು ಮೆಲ್ಲಗೆ ಎತ್ತಿಕೊಳ್ಳಿ.

ಮಹಡಿ, ತಾರಸಿ, ಸಾಲು ಮೆಟ್ಟಿಲು ಅಥವಾ ಓಡುತ್ತಿದ್ದ ಬೈಕಿನಿಂದ ಬಿದ್ದಿದ್ದರೆ ಕತ್ತಿನ ಮೂಳೆಗೂ ಪೆಟ್ಟಾಗಿರಬಹುದು. ಆಗ ಮಗು ಬಿದ್ದಲ್ಲೇ ಇರಲಿ. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಎರಡೂ ಕೈಯಿಂದ ಹಿಡಿದುಕೊಂಡು, ಇನ್ನೊಬ್ಬರಿಂದ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿಸಿ. ವಾಂತಿ ಬಂದರೆ ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ.

ಮಗುವಿಗೆ ಎಚ್ಚರವಿಲ್ಲ, ಉಸಿರೂ ಇಲ್ಲ ಎಂದಾದರೆ ಫೋನನ್ನು ಸ್ಪೀಕರಿಗೆ ಹಾಕಿ ಕರೆ ಮಾಡಿ, ಆಗಲೇ ಎದೆ ಒತ್ತಲು ಶುರು ಮಾಡಿ. ಒಂದು ವರ್ಷದೊಳಗಿನ ಕೂಸಾದರೆ ಎರಡೂ ಅಂಗೈಯಿಂದ ಎದೆಯನ್ನು ಸುತ್ತುವರಿದು, ಮೊಲೆತೊಟ್ಟುಗಳ ಗೆರೆಯ ತುಸು ಕೆಳಗೆ ಎದೆಯ ನಡುವಿನ ಮೂಳೆಯ ಮೇಲೆ ಎರಡು ಹೆಬ್ಬೆರಳಿಟ್ಟು ಸುಮಾರು 4 ಸೆಂಟಿಮೀಟರ್ ಆಳಕ್ಕೆ, ಒಂದು ವರ್ಷ ದಾಟಿದ್ದರೆ ಒಂದು ಅಂಗೈಯ ಬುಡದಿಂದ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಸಲ ಒತ್ತಿದ ಮೇಲೆ ಮಗುವಿನ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಿ, ಎದೆ ಏಳುವಷ್ಟು ಮಾತ್ರ ಎರಡು ಸಲ ಉಸಿರು ಊದಿ. ಸಹಾಯ ಬರುವವರೆಗೂ ಹೀಗೇ ಮುಂದುವರಿಸಿ.

ಯಾವ ಕಾರಣಕ್ಕೂ ಮಗುವನ್ನು ಅಲುಗಾಡಿಸಿ ಎಬ್ಬಿಸಬೇಡಿ. ಗಾಬರಿಯಲ್ಲಿ ತೋಳು ಹಿಡಿದು ಕುಲುಕುವವರಿದ್ದಾರೆ. ಬೀಳುವುದರಿಂದ ಆಗದ ಗಾಯ ಕುಲುಕುವುದರಿಂದ ಆಗಬಹುದು. ಅಂಗಾಲು ತಟ್ಟಿ, ಹೆಸರು ಹಿಡಿದು ಕರೆಯಿರಿ, ಅಷ್ಟು ಸಾಕು.

2. ಗಡಿಯಾರ ನೋಡಿ, ಮೂರು ವಿಷಯ ಬರೆದಿಡಿ

ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಎತ್ತರದಿಂದ ಬಿತ್ತು, ಯಾವುದರ ಮೇಲೆ ಬಿತ್ತು. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಮೂರೇ ಆಧಾರ. ಫೋನಿನಲ್ಲಿ ಬರೆದುಕೊಳ್ಳಿ. ಗಾಬರಿಯಲ್ಲಿ ಅರ್ಧ ಗಂಟೆಯೂ ಐದು ನಿಮಿಷದಂತೆ ಅನ್ನಿಸುತ್ತದೆ.

ಎತ್ತರವನ್ನು ಅಂದಾಜು ಮಾಡುವಾಗ ಬಹಳ ಮಂದಿ ಎಡವುತ್ತಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ವೈದ್ಯರು ಇಟ್ಟುಕೊಂಡಿರುವ ಗಡಿ 3 ಅಡಿ. ಸಾಮಾನ್ಯ ಮಂಚ, ದಿವಾನ ಎರಡಡಿಯ ಆಸುಪಾಸಿನಲ್ಲಿರುತ್ತವೆ. ಅಡುಗೆ ಮನೆಯ ಕಟ್ಟೆ ಹೆಚ್ಚುಕಡಿಮೆ 3 ಅಡಿ. ಆದರೆ ನಿಂತವರ ಕೈಯಿಂದ, ಸೊಂಟದಿಂದ ಜಾರಿದ ಮಗು 3 ಅಡಿಗಿಂತ ಮೇಲಿಂದಲೇ ಬಿದ್ದಿರುತ್ತದೆ. "ಕೈಯಿಂದ ಜಾರಿತು ಅಷ್ಟೇ" ಎಂದು ಹಗುರ ಮಾಡಬೇಡಿ, ಅದು ಮಂಚದಿಂದ ಬಿದ್ದದ್ದಕ್ಕಿಂತ ದೊಡ್ಡ ಪೆಟ್ಟು. ನಮ್ಮ ಮನೆಗಳ ಗ್ರಾನೈಟು, ರೆಡಾಕ್ಸೈಡು, ಸಿಮೆಂಟು ನೆಲಗಳಂತೂ ಸ್ವಲ್ಪವೂ ಬಿಟ್ಟುಕೊಡುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನನ್ನ ಮಗಳು ಎಂಟು ತಿಂಗಳಿದ್ದಾಗ ಬಿದ್ದದ್ದು ನನಗೆ ತಿಳಿದದ್ದು ನಾಲ್ಕು ಗಂಟೆ ತಡವಾಗಿ. ನೋಡಿಕೊಳ್ಳುತ್ತಿದ್ದವರು ಬೈಗುಳಕ್ಕೆ ಹೆದರಿ ಹೇಳಿರಲಿಲ್ಲ. ಅವಳಿಗೆ ಏನೂ ಆಗಲಿಲ್ಲ, ಆದರೆ ಮಗುವನ್ನು ಎಚ್ಚರದಿಂದ ಗಮನಿಸಬೇಕಾಗಿದ್ದ ನಾಲ್ಕು ಗಂಟೆ ಹಾಗೇ ಕಳೆದುಹೋಗಿದ್ದವು. ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮವಿದೆ: ಮಗು ಬಿತ್ತು ಎಂದು ಹೇಳಿದವರನ್ನು ಯಾರೂ ಬೈಯುವ ಹಾಗಿಲ್ಲ. ಅಜ್ಜಿಗೆ, ಅತ್ತೆಗೆ, ಕೆಲಸಕ್ಕೆ ಬರುವ ಅಕ್ಕನಿಗೆ, ಆರು ವರ್ಷದ ಅಣ್ಣನಿಗೆ, ಎಲ್ಲರಿಗೂ ಇದನ್ನು ಮುಂಚೆಯೇ ಹೇಳಿಡಿ.

3. ಇವುಗಳಲ್ಲಿ ಒಂದು ಕಂಡರೂ ಈಗಲೇ ಹೊರಡಿ

- ಒಂದು ಕ್ಷಣವಾದರೂ ಎಚ್ಚರ ತಪ್ಪಿತ್ತು, ಅಥವಾ ಬಿದ್ದ ಕೂಡಲೇ ಅಳದೆ ಸುಮ್ಮನೆ ಬಿದ್ದಿತ್ತು.
- ಫಿಟ್ಸ್ ಬಂತು: ಕೈಕಾಲು ಸೆಟೆಯುವುದು, ಲಯಬದ್ಧವಾಗಿ ಜಗ್ಗುವುದು, ಕಣ್ಣು ಮೇಲೆ ಸಿಕ್ಕಿಕೊಳ್ಳುವುದು.
- ಎರಡು ಅಥವಾ ಹೆಚ್ಚು ಸಲ ವಾಂತಿ.
- ಎಬ್ಬಿಸಿದರೂ ಏಳದ ಮಂಪರು, ಮೈ ಜೋಲು ಬಿದ್ದಿರುವುದು.
- ಏನು ಮಾಡಿದರೂ ಸಮಾಧಾನವಾಗದ ಅಳು, ಎಂದಿನಂತಲ್ಲದ ಕೀರಲು ದನಿ.
- ಹಾಲು ಕುಡಿಯಲು ಒಲ್ಲೆ ಎನ್ನುವುದು, ಮುಖ ಬಿಳಿಚಿಕೊಳ್ಳುವುದು.
- ಒಂದು ಬದಿಯ ಕೈ ಅಥವಾ ಕಾಲನ್ನು ಆಡಿಸದಿರುವುದು. ಎರಡು ಕಣ್ಣಿನ ಪಾಪೆ ಒಂದೇ ಗಾತ್ರದಲ್ಲಿ ಇಲ್ಲದಿರುವುದು.
- ಕಿವಿ ಅಥವಾ ಮೂಗಿನಿಂದ ರಕ್ತ, ಇಲ್ಲವೇ ನೀರಿನಂಥ ತಿಳಿ ದ್ರವ. ಆ ನೀರು ಮೆದುಳಿನ ಸುತ್ತ ಇರುವ ದ್ರವವಾಗಿರಬಹುದು. ಹತ್ತಿ ತುರುಕಬೇಡಿ, ಹರಿಯಲು ಬಿಡಿ.
- ಕಿವಿಯ ಹಿಂದೆ ನೀಲಿಗಟ್ಟುವುದು.
- ತಲೆ ಮುಟ್ಟಿದರೆ ತಗ್ಗು ಅಥವಾ ಮೂಳೆಯ ಅಂಚು ಸಿಗುವುದು.
- ಮಗು ಅಳದೆ, ನೇರ ಕೂತಿರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿರುವುದು.

ನೆತ್ತಿಯ ವಿಷಯದಲ್ಲಿ ಗೊಂದಲವಾಗುವುದು ಸಹಜ. ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿರದ ಮೆತ್ತನೆ ಜಾಗ ಅದು. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಕೂಡಿಕೊಳ್ಳುತ್ತದೆ. ಅಲ್ಲಿ ನಾಡಿಯಂತೆ ಬಡಿದುಕೊಳ್ಳುವುದು ಸಹಜ. ಮಗು ಅಳುವಾಗ, ಅಂಗಾತ ಮಲಗಿರುವಾಗ ಅದು ತುಸು ಉಬ್ಬುತ್ತದೆ. ಅದಕ್ಕೇ ಅಳು ನಿಂತ ಮೇಲೆ, ಕೂರಿಸಿಕೊಂಡು ಮುಟ್ಟಿ ನೋಡಬೇಕು.

ಲಕ್ಷಣ ಏನೂ ಇಲ್ಲದಿದ್ದರೂ ಕೆಲವು ಮಕ್ಕಳನ್ನು ಅದೇ ದಿನ ತೋರಿಸಬೇಕು: ಆರು ತಿಂಗಳೊಳಗಿನ ಕೂಸುಗಳು (ಮೂರು ತಿಂಗಳೊಳಗಿನವರಾದರೆ ಕಾಯಲೇಬೇಡಿ), 3 ಅಡಿಗಿಂತ ಮೇಲಿಂದ ಬಿದ್ದವರು, ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಇರುವವರು, ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಆಗಿರದ ಎದೆಹಾಲಿನ ಕೂಸುಗಳು. ರಕ್ತ ಹೆಪ್ಪುಗಟ್ಟಲು ಬೇಕಾದ ಈ ವಿಟಮಿನ್ ಎದೆಹಾಲಿನಲ್ಲಿ ಬಹಳ ಕಡಿಮೆ. ಹೇಗೆ ಬಿತ್ತೆಂದು ಯಾರೂ ನೋಡಿಲ್ಲದಿದ್ದರೂ ತೋರಿಸಿ.

ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಎಷ್ಟು ಹೊತ್ತು ಇತ್ತೆಂದು ನೋಡಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬೇಡಿ. ಕೈಗೆ ಬೀಗದ ಕೈ ಹಿಡಿಸುವುದರಿಂದ, ಈರುಳ್ಳಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಸಮಯ ಮಾತ್ರ ಹೋಗುತ್ತದೆ.

4. ಬುಗುಟೆ ಎಲ್ಲಿದೆ ಎಂದು ಬೆರಳಿನಿಂದ ನೋಡಿ

ಮಗು ಸಮಾಧಾನವಾದ ಮೇಲೆ ಇಡೀ ತಲೆಯನ್ನು ಬೆರಳ ತುದಿಯಿಂದ ಹಗುರವಾಗಿ ಸವರಿ. ಒತ್ತಬೇಡಿ. ಕೂದಲಿನೊಳಗೆ, ಕಿವಿಯ ಮೇಲ್ಗಡೆ, ಹಿಂದಲೆಯಲ್ಲಿ, ಎಲ್ಲ ಕಡೆಯೂ.

ಬುಗುಟೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ, ಹೇಗಿದೆ ಎನ್ನುವುದು ಮುಖ್ಯ. ಹಣೆಯ ಮೇಲಿನದು ನಿಂಬೆಹಣ್ಣಿನಷ್ಟು ಎದ್ದು ಭಯ ಹುಟ್ಟಿಸುತ್ತದೆ, ಆದರೆ ಅಲ್ಲಿನ ಮೂಳೆ ದಪ್ಪ. ಮಗು ಎಂದಿನಂತೆ ಆಡುತ್ತಿದ್ದರೆ ಹಣೆಯ ಗಟ್ಟಿ ಬುಗುಟೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ತಲೆಯ ಪಕ್ಕದ್ದು ಹಾಗಲ್ಲ. ಕಿವಿಯ ಮೇಲಿನ ಮೂಳೆ ತೆಳು, ಅದರ ಒಳಮೈಗೆ ಅಂಟಿಕೊಂಡಂತೆ ಒಂದು ರಕ್ತನಾಳ ಹಾದುಹೋಗುತ್ತದೆ. ತಲೆಯ ಪಕ್ಕದಲ್ಲೋ ಹಿಂದೆಯೋ ಊತವಿದ್ದು, ಮುಟ್ಟಿದರೆ ನೀರು ತುಂಬಿದ ಚೀಲದಂತೆ ಮೆತ್ತಗಿದ್ದರೆ ಕೆಳಗೆ ಮೂಳೆ ಬಿರುಕು ಬಿಟ್ಟಿರಬಹುದು. ಈ ಮೆತ್ತನೆ ಊತ ಕೆಲವೊಮ್ಮೆ ಮರುದಿನ ತಲೆ ಬಾಚುವಾಗಲೋ ನೀರು ಹಾಕುವಾಗಲೋ ಕೈಗೆ ಸಿಗುತ್ತದೆ. ಒಂದು ದಿನ ಕಳೆದಿದೆ ಎಂದು ಸುಮ್ಮನಾಗಬೇಡಿ. ಅವತ್ತೇ ತೋರಿಸಿ.

5. ಮನೆಯಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬುಗುಟೆಯ ಮೇಲೆ ಐದು ಹತ್ತು ನಿಮಿಷ ಇಡಿ, ನಡುನಡುವೆ ತೆಗೆಯಿರಿ. ಐಸ್ ಇಲ್ಲದಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೂ ಆದೀತು. ಬರಿ ಐಸ್ ಇಟ್ಟರೆ ಎಳೆ ಚರ್ಮ ಸುಡುತ್ತದೆ. ಮಗು ಒದ್ದಾಡಿದರೆ ಐಸ್ ಬಿಟ್ಟುಬಿಡಿ. ಎತ್ತಿಕೊಂಡು ಹಾಲು ಕುಡಿಸುವುದೇ ಅದಕ್ಕಿಂತ ಒಳ್ಳೆಯ ಉಪಶಮನ. ಮೂರನೇ ಹಂತದ ಲಕ್ಷಣ ಕಂಡು ಆಸ್ಪತ್ರೆಗೆ ಹೊರಟಿದ್ದರೆ ಮಾತ್ರ ಏನನ್ನೂ ಕುಡಿಸಬೇಡಿ. ಅಲ್ಲಿ ಮಂಪರು ಬರಿಸುವ ಔಷಧಿ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ; ತೆಗೆದು ತೆಗೆದು ನೋಡಬೇಡಿ. ತಲೆಯ ಚರ್ಮದಲ್ಲಿ ರಕ್ತನಾಳ ಹೆಚ್ಚು, ಸಣ್ಣ ಗಾಯಕ್ಕೂ ಬಹಳ ರಕ್ತ ಬರುತ್ತದೆ. ಗಾಯದ ಕೆಳಗೆ ತಗ್ಗು ಇದ್ದಂತೆ ಅನ್ನಿಸಿದರೆ ಒತ್ತದೆ ಬಟ್ಟೆ ಹೊದಿಸಿ ಹೊರಡಿ. ಅರಿಶಿನ, ಕಾಫಿ ಪುಡಿ, ಸುಣ್ಣ ಮೆತ್ತಿದರೆ ವೈದ್ಯರಿಗೆ ಗಾಯದ ಆಳ ಕಾಣುವುದಿಲ್ಲ, ಹೊಲಿಗೆ ಹಾಕುವ ಮೊದಲು ಅದನ್ನೆಲ್ಲ ತೊಳೆಯುವಾಗ ಮಗುವಿಗೇ ನೋವು.

ಬುಗುಟೆಯನ್ನು ಅಂಗೈಯಿಂದ ತಿಕ್ಕಿ "ಕೂರಿಸುವ" ಅಭ್ಯಾಸ ಬಹಳ ಮನೆಗಳಲ್ಲಿದೆ. ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳಗಳಿಂದ ಇನ್ನಷ್ಟು ರಕ್ತ ಸೋರಿ ಊತ ಹೆಚ್ಚುತ್ತದೆ. ಮೊದಲ ದಿನ ಬಿಸಿ ಶಾಖವೂ ಬೇಡ, ಎಣ್ಣೆ ನೀವುವುದೂ ಬೇಡ. ಬಜೆ ತೇದು ನೆಕ್ಕಿಸುವುದು ಬೇಡ. ಹಿರಿಯರು ದೃಷ್ಟಿ ತೆಗೆಯಲೇಬೇಕು ಎಂದರೆ ತೆಗೆಯಲಿ. ಅದಕ್ಕಾಗಿ ಆಸ್ಪತ್ರೆಗೆ ಹೊರಡುವುದು ತಡವಾಗದಿರಲಿ, ಮೆಣಸಿನಕಾಯಿ ಘಾಟು ಮಗುವಿನ ಮುಖಕ್ಕೆ ಬಾರದಿರಲಿ.

ನೋವಿಗೆ ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ಮಗುವಿನ ತೂಕ ನೋಡಿ: ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ, ಮತ್ತೆ ಕೊಡುವುದಾದರೆ ಆರು ಗಂಟೆ ಬಿಟ್ಟು. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಬಾಟಲಿಯ ಮೇಲಿನ ಅಂಕಿಯನ್ನು ಓದದೆ ಕೊಡುವುದು ದೊಡ್ಡ ಅಪಾಯ. ನಮ್ಮಲ್ಲಿ ಡ್ರಾಪ್ಸ್‌ನ 1 ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಎಂಎಲ್‌ಗೆ 120 ಅಥವಾ 250. ಎಂಟು ಕೆಜಿಯ ಮಗುವಿಗೆ ಬೇಕಾದ 120 ಮಿಲಿಗ್ರಾಂ ಎಂದರೆ ಡ್ರಾಪ್ಸ್ ಆದರೆ 1.2 ಎಂಎಲ್, 120ರ ಸಿರಪ್ ಆದರೆ 5 ಎಂಎಲ್, 250ರದ್ದಾದರೆ 2.4 ಎಂಎಲ್. ಸಿರಪ್ ಎಂದುಕೊಂಡು ಡ್ರಾಪ್ಸನ್ನೇ 5 ಎಂಎಲ್ ಹಾಕಿದರೆ ನಾಲ್ಕು ಪಟ್ಟಿಗೂ ಹೆಚ್ಚು ಔಷಧಿ ಹೊಟ್ಟೆಗೆ ಹೋಗುತ್ತದೆ. ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ. ವಾಂತಿ ನಿಲ್ಲಿಸುವ ಸಿರಪ್, ನಿದ್ದೆ ಬರಿಸುವ ಶೀತದ ಸಿರಪ್ ಕೂಡ ಬೇಡ. ನಾವು ಕಾಯುತ್ತಿರುವ ಲಕ್ಷಣಗಳನ್ನೇ ಅವು ಮುಚ್ಚಿಹಾಕುತ್ತವೆ.

6. ಕಾಯುವ ಗಂಟೆಗಳು, ಮತ್ತು ನಿದ್ದೆಯ ಪ್ರಶ್ನೆ

ಅಪಾಯದ ಲಕ್ಷಣ ಒಂದೂ ಇಲ್ಲದಿದ್ದರೆ ಮನೆಯಲ್ಲೇ ಗಮನಿಸಬಹುದು. ಬಿದ್ದ ಹೊತ್ತಿನಿಂದ ಮೊದಲ 4ರಿಂದ 6 ಗಂಟೆ ಕಣ್ಣು ತೆಗೆಯದೆ ನೋಡಬೇಕು, ಆಮೇಲೆ 48 ಗಂಟೆಯವರೆಗೆ ಸಾಮಾನ್ಯ ಎಚ್ಚರ. ಮೊದಲು ಚೆನ್ನಾಗಿಯೇ ಇದ್ದ ಮಗು ಕೆಲವು ಗಂಟೆಗಳ ನಂತರ ಮಂಕಾಗಬಹುದು. ಒಳಗೆ ಸೋರಿದ ರಕ್ತ ಮೆದುಳನ್ನು ಒತ್ತುವಷ್ಟು ಸೇರಲು ಸಮಯ ಬೇಕು.

ಗಮನಿಸುವುದು ಎಂದರೆ ಮುಖ ನೋಡುತ್ತ ಕೂರುವುದಲ್ಲ. ನಿಮ್ಮ ಮಗು ದಿನಾ ಮಾಡುವ ಕೆಲಸ ಮಾಡಿಸಿ ನೋಡಿ. ಗಿಲಕಿ ಆಡಿಸಿದರೆ ಕಣ್ಣು ಹಿಂಬಾಲಿಸುತ್ತದೆಯೇ? ಎರಡೂ ಕೈಯಿಂದ ಹಿಡಿಯುತ್ತದೆಯೇ? ಅಪ್ಪನ ದನಿಗೆ ತಿರುಗುತ್ತದೆಯೇ? ಅಂಬೆಗಾಲಿಡುತ್ತಿದ್ದ ಮಗು ಅಂಬೆಗಾಲಿಡುತ್ತದೆಯೇ? "ಏನೋ ಒಂಥರಾ ಇದ್ದಾನೆ" ಎಂದು ಅಮ್ಮನಿಗೆ ಅನ್ನಿಸುವುದನ್ನು ವೈದ್ಯರೂ ಒಂದು ಲಕ್ಷಣವಾಗಿಯೇ ಪರಿಗಣಿಸುತ್ತಾರೆ. ಹಾಗೆ ಅನ್ನಿಸಿದರೆ ಬೇರೆ ಪುರಾವೆ ಹುಡುಕುತ್ತ ಕೂರಬೇಡಿ.

ಈಗ ನಿದ್ದೆ. "ತಲೆಗೆ ಪೆಟ್ಟಾದವರು ಮಲಗಬಾರದು" ಎಂದು ಅಳುವ ಮಗುವನ್ನು ಗಂಟೆಗಟ್ಟಲೆ ಎಚ್ಚರವಿಡುವವರಿದ್ದಾರೆ. ನಿದ್ದೆಯಿಂದ ಗಾಯ ಹೆಚ್ಚುವುದಿಲ್ಲ. ನಿದ್ದೆಯಲ್ಲಿ ಲಕ್ಷಣ ಕಾಣುವುದಿಲ್ಲ, ತೊಂದರೆ ಅಷ್ಟೇ. ಅತ್ತು ಸುಸ್ತಾದ ಮಗು ತನ್ನ ಎಂದಿನ ಹೊತ್ತಿಗೆ ನಿದ್ದೆ ಮಾಡುವುದು ಸಹಜ. ಸಾಧ್ಯವಾದರೆ ಮೊದಲ ಒಂದು ಗಂಟೆ ಎಚ್ಚರವಿರುವಾಗ ನೋಡಿಕೊಳ್ಳಿ, ಆಮೇಲೆ ಮಲಗಲಿ. ಮೊದಲ ರಾತ್ರಿ ಎರಡು ಮೂರು ಗಂಟೆಗೊಮ್ಮೆ ಅಲಾರಂ ಇಟ್ಟು ಎದ್ದು ನೋಡಿ: ಉಸಿರು ಸಮನಾಗಿದೆಯೇ, ಬಣ್ಣ ಎಂದಿನಂತಿದೆಯೇ, ಅಂಗಾಲು ಕಚಗುಳಿ ಇಟ್ಟರೆ ಕಾಲು ಎಳೆದುಕೊಂಡು ಮುಖ ಸಿಂಡರಿಸುತ್ತದೆಯೇ. ಅಷ್ಟು ಪ್ರತಿಕ್ರಿಯೆ ಬಂದರೆ ಪೂರ್ತಿ ಎಬ್ಬಿಸಬೇಕಿಲ್ಲ. ಹೊತ್ತಲ್ಲದ ಹೊತ್ತಿನ ನಿದ್ದೆ, ಹಾಲಿಗೂ ಏಳದ ನಿದ್ದೆ ಬೇರೆ. ಅದು ಮಂಪರು, ತಕ್ಷಣ ಹೊರಡಿ.

7. ಆಸ್ಪತ್ರೆಗೆ ಹೋಗುವುದಾದರೆ

ಮಕ್ಕಳ ವೈದ್ಯರೂ ಸಿಟಿ ಸ್ಕ್ಯಾನೂ ಇರುವ ಕಡೆ ಹೋಗಿ. ಹಳ್ಳಿಯಲ್ಲಿದ್ದರೆ ಕ್ಲಿನಿಕ್ಕಿನಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ ಎಂದು ಅಲೆದು ಹೊತ್ತು ಹೋಗುವುದು ಹೆಚ್ಚು. ಅದಕ್ಕೇ ಮೊದಲು ಫೋನ್ ಮಾಡಿ ಕೇಳಿ, ಅಥವಾ 108ರವರಿಗೆ "ಮಗುವಿನ ತಲೆಗೆ ಪೆಟ್ಟು" ಎಂದು ಸ್ಪಷ್ಟವಾಗಿ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಪೆಟ್ಟಿನ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ಬೈಕಿನಲ್ಲಿ ಇಬ್ಬರ ನಡುವೆ ಮಗುವನ್ನು ಕೂರಿಸಿಕೊಂಡು ಹೋಗಬೇಡಿ, ಆಟೋ ಅಥವಾ ಕಾರು ಹಿಡಿಯಿರಿ. ವಿದೇಶದಲ್ಲಿರುವವರಿಗೆ: ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ಯುಎಇಯಲ್ಲಿ ಆಂಬುಲೆನ್ಸಿಗೆ 998.

ತಾಯಿ ಕಾರ್ಡ್ ಜೊತೆಗಿರಲಿ, ಲಸಿಕೆ ಮತ್ತು ತೂಕದ ವಿವರ ಅದರಲ್ಲಿದೆ. ಬಿದ್ದದ್ದನ್ನು ಕಣ್ಣಾರೆ ಕಂಡವರು ಜೊತೆಗೆ ಬರಲಿ.

ಎಲ್ಲ ಮಕ್ಕಳಿಗೂ ಸ್ಕ್ಯಾನ್ ಮಾಡುವುದಿಲ್ಲ, ಮಾಡಬಾರದು ಕೂಡ. ಸಿಟಿ ಸ್ಕ್ಯಾನ್ ಎಂದರೆ ಎಕ್ಸ್‌ರೇ ಕಿರಣಗಳಿಂದ ತಲೆಯ ಪದರ ಪದರದ ಚಿತ್ರ ತೆಗೆಯುವುದು. ಬೆಳೆಯುವ ಮೆದುಳಿಗೆ ಆ ವಿಕಿರಣ ಸುಮ್ಮಸುಮ್ಮನೆ ಬೇಡ. ಯಾರಿಗೆ ಬೇಕು ಎಂದು ತೀರ್ಮಾನಿಸಲು ಬಹಳ ವೈದ್ಯರು ಬಳಸುವುದು ಪೆಕಾರ್ನ್ ನಿಯಮವನ್ನು. ಉತ್ತರ ಅಮೆರಿಕದ 25 ತುರ್ತು ವಿಭಾಗಗಳಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ ರೂಪಿಸಿದ ಈ ನಿಯಮ 2009ರಲ್ಲಿ ಪ್ರಕಟವಾಯಿತು. ಎರಡು ವರ್ಷದೊಳಗಿನವರಲ್ಲಿ ಆರು ವಿಷಯ ನೋಡುತ್ತಾರೆ: ಎಚ್ಚರದಲ್ಲಿ ವ್ಯತ್ಯಾಸ, ಹಣೆಯಲ್ಲದೆ ಬೇರೆಡೆ ಊತ, 5 ಸೆಕೆಂಡು ಅಥವಾ ಹೆಚ್ಚು ಹೊತ್ತು ಎಚ್ಚರ ತಪ್ಪಿದ್ದು, 3 ಅಡಿಗಿಂತ ಮೇಲಿಂದ ಬಿದ್ದದ್ದು ಇಲ್ಲವೇ ಅಂಥದೇ ದೊಡ್ಡ ಪೆಟ್ಟು, ಕೈಗೆ ಸಿಗುವ ಮೂಳೆ ಮುರಿತ, ಮಗು ಎಂದಿನಂತಿಲ್ಲ ಎನ್ನುವ ತಾಯ್ತಂದೆಯರ ಮಾತು. ಆರರಲ್ಲಿ ಒಂದೂ ಇಲ್ಲದಿದ್ದರೆ ಗಂಭೀರ ಗಾಯದ ಸಂಭವ ಹತ್ತು ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಹಾಗಾಗಿ ವೈದ್ಯರು "ಇಲ್ಲೇ ನಾಲ್ಕು ಗಂಟೆ ಇಟ್ಟುಕೊಂಡು ನೋಡೋಣ" ಎಂದರೆ ಅದೂ ಚಿಕಿತ್ಸೆಯೇ, ಹಟ ಹಿಡಿದು ಸ್ಕ್ಯಾನ್ ಮಾಡಿಸಬೇಡಿ. ಅವರೇ ಬೇಕೆಂದರೆ ವಿಕಿರಣಕ್ಕೆ ಹೆದರಿ ಬೇಡವೆನ್ನಬೇಡಿ. ಬರಿ ಎಕ್ಸ್‌ರೇಯಲ್ಲಿ ಮೂಳೆ ಕಂಡೀತು, ಮೆದುಳು ಕಾಣದು.

ಕೆಲವು ಆಸ್ಪತ್ರೆಗಳಲ್ಲಿ "ಎಂಎಲ್‌ಸಿ ಮಾಡಬೇಕು" ಎನ್ನುತ್ತಾರೆ. ಗಾಯದ ಪ್ರಕರಣವನ್ನು ದಾಖಲಿಸಿ ಪೊಲೀಸ್ ಠಾಣೆಗೆ ತಿಳಿಸುವ ಕ್ರಮ ಅದು. ಹಾಗೆಂದಾಕ್ಷಣ ನಿಮ್ಮ ಮೇಲೆ ಆರೋಪವಿದೆ ಎಂದಲ್ಲ. ಹೆದರಿ ಕಥೆ ಬದಲಿಸಬೇಡಿ. ಕಟ್ಟೆಯಿಂದ ಬಿದ್ದದ್ದನ್ನು ಮಂಚ ಎಂದರೆ ವೈದ್ಯರ ಲೆಕ್ಕವೇ ತಪ್ಪುತ್ತದೆ.

8. ಮರುದಿನದಿಂದ

ಹಣೆಯ ಬುಗುಟೆಯ ರಕ್ತ ಒಂದೆರಡು ದಿನದಲ್ಲಿ ಚರ್ಮದಡಿ ಕೆಳಗಿಳಿದು ಕಣ್ಣಿನ ರೆಪ್ಪೆ ನೀಲಿಯಾಗಬಹುದು. ಬುಗುಟೆ ಇಳಿಯುತ್ತ ರೆಪ್ಪೆ ಬಣ್ಣಗಟ್ಟಿದರೆ, ಮಗು ಲವಲವಿಕೆಯಿಂದಿದ್ದರೆ ಅದು ಮಾಯುವ ದಾರಿ. ಹಣೆಗೆ ಪೆಟ್ಟೇ ಆಗಿಲ್ಲದೆ ಎರಡೂ ಕಣ್ಣಿನ ಸುತ್ತ ಕಪ್ಪಾದರೆ ಮಾತ್ರ ತಕ್ಷಣ ತೋರಿಸಬೇಕು, ತಲೆಬುರುಡೆಯ ಅಡಿಭಾಗದ ಮುರಿತದ ಗುರುತು ಅದು. ಊತ ಇಳಿದ ಮೇಲೂ ಸಣ್ಣ ಗಂಟೊಂದು ಕೆಲವು ವಾರ ಕೈಗೆ ಸಿಗುತ್ತಿರುತ್ತದೆ. ಆ ದಿನಗಳಲ್ಲಿ ಎಣ್ಣೆ ಹಚ್ಚುವವರಿಗೆ ಆ ಜಾಗ ಬಿಟ್ಟು ಹಚ್ಚಲು ಹೇಳಿ.

ಬಿದ್ದ ಜಾಗವನ್ನು ಅವತ್ತೇ ಸರಿಮಾಡಿ. ನಾಲ್ಕು ತಿಂಗಳಿಗೆಲ್ಲ ಮಗು ಹೊರಳಲು ಕಲಿಯುತ್ತದೆ. ಮಂಚದ ಸುತ್ತ ದಿಂಬು ಇಟ್ಟರೆ ಬೀಳುವುದು ತಪ್ಪುವುದಿಲ್ಲ, ಮುಖಕ್ಕೆ ಒತ್ತಿ ಉಸಿರು ಕಟ್ಟುವ ಭಯ ಬೇರೆ. ಹಾಸಿಗೆಯನ್ನು ನೆಲಕ್ಕೇ ಹಾಕಿ. ಸೀರೆ ಜೋಲಿಯ ಗಂಟು, ಕೊಕ್ಕೆಯನ್ನು ದಿನಾ ಎಳೆದು ನೋಡಿ, ಅದು ನೆಲದಿಂದ ಒಂದಡಿಗಿಂತ ಮೇಲಿರದಿರಲಿ. ಎಣ್ಣೆ ನೀರು ಹಾಕುವವರು ನಿಂತು ಎತ್ತದೆ ಕೂತೇ ಮಗುವನ್ನು ಟವೆಲ್ಲಿಗೆ ದಾಟಿಸಲಿ. ವಾಕರ್ ಇದ್ದರೆ ಕೊಟ್ಟುಬಿಡಿ. ಮೆಟ್ಟಿಲಿನಿಂದ ಉರುಳಿದ ಮಕ್ಕಳ ಕಾರಣಕ್ಕೇ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಒಂದು ಹಾಳೆಯಲ್ಲಿ 108, 112, ಮಕ್ಕಳ ವೈದ್ಯರ ನಂಬರ್, ಹತ್ತಿರದ ಸ್ಕ್ಯಾನ್ ಇರುವ ಆಸ್ಪತ್ರೆಯ ನಂಬರ್, ಮಗುವಿನ ತೂಕ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು, ಕನ್ನಡಕವಿಲ್ಲದೆ ಅಜ್ಜಿಗೂ ಓದಲು ಬರುವಂತೆ ಫ್ರಿಜ್ಜಿನ ಮೇಲೆ ಅಂಟಿಸಿ. ತೂಕವನ್ನು ಪ್ರತಿ ಲಸಿಕೆಯ ದಿನ ತಿದ್ದಿ.